ನೊಣ ಹಿಡಿಯುವ ಗಿಡಕ್ಕೆ ಮೂರು ಪುಸ್ತಕ

ನೊಣ ಹಿಡಿಯುವ ಗಿಡ ಸಾಕಿದವನ ಮನೆಗೆ ನೊಣಕ್ಕಿಂತ ಸಲಹೆ ಹೆಚ್ಚು ಬರುತ್ತದೆ. ಆಗ ನಮ್ಮ ಸೀಮೆ ಮದ್ರಾಸಿಗೆ ಸೇರಿತ್ತು. ಹೊಸಪೇಟೆಯ ಶಾಲೆಯಲ್ಲಿ ನಾನು ವಿಜ್ಞಾನದ ಮಾಸ್ತರ. ಸಂಡೂರು ಗುಡ್ಡದಲ್ಲಿ ನೀರು ಜಿನುಗುವ ಬಂಡೆಯ ಮೇಲೆ ಒಂದು ಕೆಂಪು ಗಿಡ ಬೆಳೆಯುತ್ತದೆ. ಎಲೆಯ ತುಂಬ ಅಂಟುಹನಿ. ನೊಣ ಕೂತರೆ ಎಲೆ ಮಡಚಿ ತಿನ್ನುತ್ತದೆ. ಅದನ್ನು ಕುಂಡದಲ್ಲಿ ಉಳಿಸಿ ಹುಡುಗರಿಗೆ ತೋರಿಸಬೇಕೆಂದು ನನಗೆ ಹಟ. ಹೇಗೆಂದು ತಿಳಿಯಲು ಪುಸ್ತಕ ಬೇಕಿತ್ತು.

ದಪ್ಪ ಪುಸ್ತಕ

ಮೊದಲನೆಯದು ಮದ್ರಾಸಿನಿಂದ ಬಂತು. ರಟ್ಟಿನ ಮೇಲೆ ಬಂಗಾರದ ಅಕ್ಷರ. ಬರೆದವನು ಇಂಗ್ಲೆಂಡಿನ ತೋಟಗಾರ. ಗಿಡಕ್ಕೆ ಚಳಿಯಾಗದಂತೆ ಗಾಜು ಮುಚ್ಚಿ ಬಿಸಿಲಿಗಿಡಿ ಎಂದಿದ್ದ. ನಮ್ಮಲ್ಲಿ ಆಗ ಮಾರ್ಚ್ ತಿಂಗಳು. ನಾನು ಹಿಂಜರಿದೆ.

ಹೆಡ್‌ಮಾಸ್ತರು ಗದರಿದರು. "ಅಷ್ಟು ದೊಡ್ಡ ಪುಸ್ತಕ ಸುಳ್ಳು ಹೇಳತೈತೇನ್ರೀ? ಮುಚ್ರಿ."

ಮುಚ್ಚಿದೆ. ಮಧ್ಯಾಹ್ನದ ಗಂಟೆ ಹೊಡೆಯುವಷ್ಟರಲ್ಲಿ ಗಿಡ ಸಂಡಿಗೆಯಾಗಿತ್ತು. ಹೆಡ್‌ಮಾಸ್ತರು ಬಾಗಿ ನೋಡಿದರು.

"ಪುಸ್ತಕದ್ದೇನೂ ತಪ್ಪಿಲ್ರಿ. ಊರಿಂದೇ ತಪ್ಪು."

ಕಂಪ್ಲಿಯ ಪುಸ್ತಕ

ಎರಡನೆಯದನ್ನು ಕಂಪ್ಲಿಯ ಅಕ್ಕಿ ಗಿರಣಿಯ ಸಾಹುಕಾರರು ಕೊಟ್ಟರು. ಬರೆದವರು ಅವರ ಬೀಗರು. ಯಾವ ಗಿಡಕ್ಕಾದರೂ ಸೆಗಣಿ ಗೊಬ್ಬರ, ಶೇಂಗಾ ಹಿಂಡಿ ಹಾಕಿರಿ ಎಂದಿತ್ತು. ಹಾಕಿದೆ. ಐದನೆಯ ದಿನ, ಗುಡ್ಡದಿಂದ ತಂದ ಎರಡನೆಯ ಗಿಡವೂ ಕೊಳೆಯಿತು. ನೇರ ಕಂಪ್ಲಿಗೆ ಹೋದೆ.

"ನಿಮ್ಮ ಬೀಗರು ಈ ಗಿಡ ಬೆಳೆಸ್ಯಾರೇನ್ರಿ?"

"ಎಲ್ಲಿದ್ರಿ. ಅವರ ಹಿತ್ತಲದಾಗ ಬದನಿಕಾಯಿನೂ ಬಿಡಂಗಿಲ್ಲ."

"ಮತ್ತ ಬರದಾರಲ್ರಿ?"

"ಬೆಳೆಸೋರಿಗೆ ಬರಿಯಾಕ ಪುರಸೊತ್ತು ಎಲ್ಲಿರತೈತ್ರಿ ಮಾಸ್ತರ?"

ಹರಿದ ಪುಸ್ತಕ

ಮೂರನೆಯದನ್ನು ಸಂಡೂರಿನ ಕಾಡಿನ ರೇಂಜರು ಎರವಲು ಕೊಟ್ಟರು. ರಟ್ಟಿಲ್ಲ, ಬೆನ್ನು ಹರಿದಿತ್ತು. ಮೊದಲ ಪುಟದಲ್ಲೇ ಬರೆದವನು ತಾನು ಹನ್ನೊಂದು ಗಿಡ ಕೊಂದದ್ದನ್ನು ಒಪ್ಪಿಕೊಂಡಿದ್ದ. ನಂಬಿದೆ. ಗೊಬ್ಬರ ಬೇಡ, ಮಳೆನೀರು ಸಾಕು ಎಂದಿದ್ದ. ನಮ್ಮ ಮನೆಯ ಪಡಸಾಲೆಯಲ್ಲಿ ಮೂರನೆಯ ಗಿಡ ಚಿಗುರಿತು.

ತಿಂಗಳೊಳಗೆ ಪುಸ್ತಕ ವಾಪಸು ಬೇಕೆಂದರು ರೇಂಜರು. ಶಾಲೆಗೆ ಒಂದು ಪ್ರತಿ ತರಿಸಲು ಬಳ್ಳಾರಿಯ ಶಾಲಾ ಇನ್ಸ್‌ಪೆಕ್ಟರ ಸಹಿ ಬೇಕಿತ್ತು.

"ಎರಡು ಪುಸ್ತಕ ಎರಡು ಗಿಡ ತಿಂದವು ಮಾಸ್ತರೇ. ಈ ಗಿಡ ನೊಣ ಹಿಡಿದದ್ದನ್ನು ಕಣ್ಣಾರೆ ಕಂಡರೆ ಸಹಿ. ಇಲ್ಲದಿದ್ದರೆ ಪುಸ್ತಕದ ಮಾತೇ ಬೇಡ" ಎಂದರು ಇನ್ಸ್‌ಪೆಕ್ಟರು.

ಸೋಮವಾರದ ತಪಾಸಣೆ

ಇನ್ಸ್‌ಪೆಕ್ಟರು ನಮ್ಮ ಮನೆಗೆ ಬಂದರು. ಜೊತೆಗೆ ಹೆಡ್‌ಮಾಸ್ತರು. ಎಲೆಗಳೆಲ್ಲ ಬಿಗಿಯಾಗಿ ಮಡಚಿದ್ದವು.

"ನೋಡ್ರಿ, ಹೊಟ್ಟಿ ತುಂಬ ಹಿಡಿದೈತಿ" ಎಂದರು ಹೆಡ್‌ಮಾಸ್ತರು.

ಇನ್ಸ್‌ಪೆಕ್ಟರು ಕಡ್ಡಿಯಿಂದ ಒಂದು ಎಲೆ ಬಿಡಿಸಿದರು. ಖಾಲಿ. ಇನ್ನೊಂದು. ಅದೂ ಖಾಲಿ.

"ನೊಣ ಎಲ್ಲಿ ಮಾಸ್ತರೇ?"

ನಾನೇ ಮೂರನೆಯ ಎಲೆ ಬಿಡಿಸಿದೆ; ಖಾಲಿ. ಅವರು ಪೆನ್ನಿಗೆ ಮುಚ್ಚಳ ಹಾಕಿದರು.

ಬಾಗಿಲ ಮರೆಯಿಂದ ನನ್ನ ಹೆಂಡತಿಯ ದನಿ ಬಂತು. "ಶ್ರಾವಣ ಸೋಮವಾರರಿ. ಮನ್ಯಾಗ ಜೀವ ತಗಿಯೂದು ಬ್ಯಾಡಂತ ಪೂಜಿ ಆದಮ್ಯಾಲ ಎಲಿಗೊಂದು ಹನಿ ಹಾಲು ಹಾಕೀನಿ. ಕುಡುದು ಸುಮ್ಮನ ಕುಂತೈತಿ."

ಹೆಡ್‌ಮಾಸ್ತರು ಹಣೆ ಹಿಡಿದುಕೊಂಡರು. ನಾನು ಹರಿದ ಪುಸ್ತಕ ಬಿಚ್ಚಿ ಒಂದು ಸಾಲಿಗೆ ಬೆರಳಿಟ್ಟೆ. ಹಾಲಿನ ಹನಿ ಬಿದ್ದರೂ ಎಲೆ ಮಡಚುತ್ತದೆ ಎಂದಿತ್ತು.

ಇನ್ಸ್‌ಪೆಕ್ಟರು ಎರಡು ಸಲ ಓದಿದರು. ಗಿಡ ನೋಡಿದರು. ಬಾಗಿಲು ನೋಡಿದರು. ಪೆನ್ನಿನ ಮುಚ್ಚಳ ತೆಗೆದರು.

"ಇದನ್ನೂ ಮಾಡಿ ನೋಡಿ ಬರೆದವನಾದರೆ ನಂಬಬಹುದು" ಎಂದು ಸಹಿ ಹಾಕಿದರು.

ಹೆಡ್‌ಮಾಸ್ತರಿಗೆ ಜೀವ ಬಂತು. "ಸಾಹೇಬ್ರ, ನಾಳಿ ಒಂದೀಟು ಬರ್ರಿ. ಮಂಗಳವಾರ ಖಂಡಿತ ನೊಣ ತಿಂತೈತಿ."

ಬಾಗಿಲ ಮರೆಯಿಂದ ಮತ್ತೆ ದನಿ ಬಂತು.

"ಶ್ರಾವಣ ಮುಗದಮ್ಯಾಲ ಬರ್ರಿ."