ಇನ್ನೊಂದು ಮೂರು

ತಪ್ಪು ಬೇಕರಿಯವನದಲ್ಲ. ಕೇಕಿನ ಮೇಲೆ ಸಕ್ಕರೆಯಲ್ಲಿ 33333331 ಎಂದು ಬರೆದ ಮೇಲೂ ಅಂಚಿನಲ್ಲಿ ಸ್ವಲ್ಪ ಜಾಗ ಉಳಿದಿತ್ತು. "ಬೋಳಾಗಿ ಕಾಣ್ತದೆ ಮೇಷ್ಟ್ರೇ. ಎಡಗಡೆ ಇನ್ನೊಂದು ಮೂರು ಹಾಕ್ಲಾ? ದುಡ್ಡು ಬೇಡ," ಎಂದ.

ಗಣಿತದ ಮೇಷ್ಟ್ರು ಕಾಲ್ಮಾನ್ ಯೋಚಿಸಿದರು. 31, 331, 3331 ಎಂದು ಒಂದೊಂದೇ ಮೂರು ಸೇರಿಸುತ್ತ ಹೋದರೆ ಎಲ್ಲವೂ ಅವಿಭಾಜ್ಯ ಸಂಖ್ಯೆಗಳೇ. ಒಂದನ್ನು ಮತ್ತು ತಮ್ಮನ್ನು ಬಿಟ್ಟು ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗವು. ಎಂಟು ಅಂಕಿಯವರೆಗೆ ಅವರೇ ಪರೀಕ್ಷಿಸಿದ್ದರು. ಇಷ್ಟು ದೂರ ಮರ್ಯಾದೆಯಿಂದ ಬಂದ ಸಾಲು ಇನ್ನೊಂದು ಹೆಜ್ಜೆಗೆ ಕೈಕೊಟ್ಟೀತೇ? "ಹಾಕಿ," ಎಂದರು.

ಸೆಗೆಡ್‌ ನಗರದ ಒಂದು ಹಳೆಯ ವಠಾರದಲ್ಲಿ ಅಂದು ಪಿರೋಷ್ಕಾ ಅವರ ಹೆಸರಿನ ಹಬ್ಬ, ಅಂದರೆ ಕ್ಯಾಲೆಂಡರಿನಲ್ಲಿ ಆ ಹೆಸರಿನವರಿಗೆಂದೇ ಮೀಸಲಾದ ದಿನ. ಹೊಲಿಗೆ ಮಾಡಿಕೊಂಡು ಒಂಟಿಯಾಗಿದ್ದ ಅವರ ಅಡಿಗೆಮನೆಯಲ್ಲಿ, ಕರೆಯದೆಯೇ, ವಠಾರವೆಲ್ಲ ಸೇರಿತ್ತು. ಮದುವೆಯ ಮಾತೊಂದು ಎರಡು ವರ್ಷದಿಂದ ಮೇಷ್ಟ್ರ ನಾಲಿಗೆಯ ತುದಿಯಲ್ಲೇ ಕೂತಿತ್ತು. ಇವತ್ತು ಕೇಳಿಯೇ ಬಿಡುವುದೆಂದು ಕೇಕನ್ನು ಮುಂದಿಟ್ಟರು.

"ಪಿರೋಷ್ಕಾ ಅವರೇ, ಈ ಸಂಖ್ಯೆ ಯಾವುದರಿಂದಲೂ ಭಾಗವಾಗಲ್ಲ. ನನ್ನ ಮನಸ್ಸೂ..."

"ಪರೀಕ್ಷೆ ಮಾಡಿದೀರಾ?" ಎದುರುಮನೆಯ ಎತೆಲ್ಕಾ ಅಜ್ಜಿ ಕೇಳಿದರು.

"ಹೆಚ್ಚುಕಡಿಮೆ."

"ಹೆಚ್ಚುಕಡಿಮೆ ಅಂದ್ರೆ ನನಗೆ ಸೊನ್ನೆ ಕೊಡ್ತಿದ್ರಿ," ಎಂದು ಅವರ ಹಳೆಯ ಶಿಷ್ಯ, ಟ್ರಾಮ್ ಓಡಿಸುವ ದೆಜೋ ಪೆನ್ಸಿಲ್ ತೆಗೆದ.

ಕಾಗದದ ಕರವಸ್ತ್ರಗಳ ಮೇಲೆ ಭಾಗಾಕಾರ ಶುರುವಾಯಿತು. ಮೂರರಿಂದ ಆಗಲಿಲ್ಲ. ಏಳು, ಹನ್ನೊಂದು, ಹದಿಮೂರು, ಯಾವುದರಿಂದಲೂ ಇಲ್ಲ. ಮೇಷ್ಟ್ರು ಬೆಚ್ಚಗಿಟ್ಟ ಬ್ರೆಡ್ಡಿನ ಹಿಟ್ಟಿನಂತೆ ಹಿಗ್ಗಿನಿಂದ ಉಬ್ಬಿದರು.

"ನನ್ನ ಬಾಗಿಲ ನಂಬರು ಹದಿನೇಳು. ಅದ್ರಿಂದ ನೋಡ್ತೀನಿ," ಎಂದರು ಪಿರೋಷ್ಕಾ. ಸ್ವಲ್ಪ ಹೊತ್ತಿನ ನಂತರ, ಬಲು ಮೆಲ್ಲಗೆ, "ಶೇಷ ಉಳೀಲಿಲ್ಲ."

ಓವನ್ನಿನ ಬಾಗಿಲನ್ನು ಅವಸರಪಟ್ಟು ತೆಗೆದಾಗಿನ ಕೇಕಿನಂತೆ ಮೇಷ್ಟ್ರು ಕುಸಿದರು.

"ಮನಸ್ಸು ಹದಿನೇಳು ಪಾಲಾಯ್ತಲ್ಲ ಮೇಷ್ಟ್ರೇ," ಎಂದ ದೆಜೋ.

"ಸುಮ್ನಿರೋ," ಎನ್ನುತ್ತ ಅಜ್ಜಿ ಮೇಷ್ಟ್ರ ಹೆಗಲಿನಿಂದ, ಹೊರಗಿನ ಹಿಮಕ್ಕೆ ಒದ್ದೆಯಾಗಿದ್ದ ಕೋಟನ್ನು ತೆಗೆದು ಒಲೆಯ ಬಳಿ ಹರಡಿದರು.

"ಬೇರೆ ಯಾರ ಬಾಗಿಲಿಗೂ ಹೊಂದಲಿಲ್ಲ, ನನ್ನದಕ್ಕೇ ಹೊಂದ್ತಲ್ಲ," ಎಂದು ಪಿರೋಷ್ಕಾ ನಕ್ಕು, ಕೇಕನ್ನು ಹದಿನೇಳು ತುಂಡು ಮಾಡಿ ಹಂಚಿದರು. ಮೇಷ್ಟ್ರು ಹದಿನೆಂಟನೆಯವರು. ಅವರ ತಟ್ಟೆ ಖಾಲಿ.

ಪಿರೋಷ್ಕಾ ತಮ್ಮ ತಟ್ಟೆಯನ್ನು ಇಬ್ಬರ ನಡುವೆ ಸರಿಸಿ, ಇನ್ನೊಂದು ಫೋರ್ಕ್ ಇಟ್ಟರು. "ಇನ್ನೂ ಒಂದು ಮೂರು ಸೇರಿಸಿದ್ರೆ?"

"ಗೊತ್ತಿಲ್ಲ. ಒಂದೊಂದರಿಂದಲೇ ಭಾಗಿಸಿ ನೋಡ್ಬೇಕು. ತಿಂಗಳುಗಟ್ಟಲೆ ಹಿಡೀಬಹುದು."

"ನಂಗೇನೂ ಅವಸರ ಇಲ್ಲ. ನಾಳೆ ಸಂಜೆ ಬನ್ನಿ. ಎರಡರಿಂದ ಶುರು ಮಾಡೋಣ."

ಮೇಷ್ಟ್ರ ಎದೆ ಹಗುರಾಯಿತು. ನಾಳೆ, ಇಬ್ಬರೇ ಇರುವಾಗ, ನಿಧಾನವಾಗಿ ಆ ಮಾತು ಕೇಳಬಹುದು.

ಎತೆಲ್ಕಾ ಅಜ್ಜಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಮೂರರಿಂದ ನಾನು ಭಾಗಿಸ್ತೀನಿ. ಎಷ್ಟು ಗಂಟೆಗೆ ಬರ್ಬೇಕು ನಾವೆಲ್ಲ?"