ವಕೀಲರ ಮಂಚದೆದುರಿನ ಮೀನಿನ ಪೆಟ್ಟಿಗೆ

ಮನೆಯಲ್ಲಿ ಕಾಯಿಲೆಯವರು ಮಲಗಿದ್ದರೆ ನಗು ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ಅದು ಸುಳ್ಳು. ನಗಬಾರದ ಮನೆಯಲ್ಲೇ ನಗು ಬರುವಂಥವು ಮೇಲಿಂದ ಮೇಲೆ ನಡೆಯುತ್ತವೆ. ನಡೆದಾಗ ನಗಲಿಕ್ಕಾಗುವುದಿಲ್ಲ ಎನ್ನುವುದೊಂದೇ ತೊಂದರೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಾವಿದ್ದದ್ದು ಶಿಗ್ಗಾವಿಯಲ್ಲಿ. ಅಪ್ಪ ವಕೀಲರು. ಅವರು ವಾದಕ್ಕೆ ನಿಂತರೆ ಕೋರ್ಟಿನ ಹೊರಗಿನ ಚಹಾದಂಗಡಿಯವನು ಸ್ಟೋವಿನ ಸಪ್ಪಳ ಸಣ್ಣ ಮಾಡಿ ಕೇಳುತ್ತಿದ್ದನಂತೆ. ಅಂಥ ದನಿ ಒಂದು ಮುಂಜಾನೆ, ಸಂಧ್ಯಾವಂದನೆಗೆ ಕೂತ ಮಣೆಯ ಮೇಲೆಯೇ ನಿಂತುಹೋಯಿತು. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದವು. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು, ಆದರೆ ಬಾಯಿಂದ ಒಂದಕ್ಷರ ಹೊರಡುತ್ತಿರಲಿಲ್ಲ. ಹೌದು ಎನ್ನಲು ಒಮ್ಮೆ ಕಣ್ಣು ಮುಚ್ಚುತ್ತಿದ್ದರು. ಐವತ್ತೆಂಟು ವರ್ಷ ಮಾತಾಡಿದ ಮನುಷ್ಯನ ಹತ್ತಿರ ಉಳಿದದ್ದು ಅಷ್ಟೇ.

ಊರಿಗೆಲ್ಲ ಹಿರಿಯರಾದ ಡಾಕ್ಟರು ಎರಡು ಮಾತು ಹೇಳಿದರು. "ಮಾತು ಬರೂದಾದ್ರ ಒಂದು ವರ್ಷದೊಳಗ ಬರಬೇಕು." ಇದು ಒಂದು. "ಬರೇ ಗ್ವಾಡಿ ನೋಡಕೋತ ಮಲಗಿದ್ರ ಮನಸು ಸತ್ತು ಹೋಗ್ತದ. ಕಣ್ಣಿನ ಮುಂದ ಏನರೆ ಓಡಾಡತಿರಲಿ." ಇದು ಇನ್ನೊಂದು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅಕ್ಕೋರು. ನನಗೆ ಹೊಳೆದದ್ದು ಗಾಜಿನ ಪೆಟ್ಟಿಗೆ, ಅದರಲ್ಲಿ ನೀರುಗಿಡ, ಮೇಲೆ ದೀಪ, ನಡುವೆ ಮೀನು. ವೈಷ್ಣವರ ಮನೆಯಲ್ಲಿ ಮೀನು! ಅವ್ವ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ದೇವರ ಕೋಣೆಯಿಂದ ಎದ್ದು ಬಂದು, "ಮತ್ಸ್ಯಾವತಾರ ತಗೊಂಡು ಸಮುದ್ರದೊಳಗಿಂದ ವೇದ ಎತ್ತಿ ತಂದಾನ. ಇವರ ನಾಕು ಮಾತು ತರಲಾರನೇನು? ತಗೊಂಡು ಬಾ," ಅಂದಳು.

ಮೊದಲ ದಿನದ ನೀರು

ಪೆಟ್ಟಿಗೆ ಮಾಡಿದವನು ಕಿಟಕಿ-ಬಾಗಿಲು ಮಾಡುವ ಕಬ್ಬಿಣದ ಕೆಲಸದವನು. ಆ್ಯಂಗಲ್ ಕೂಡಿಸಿ, ಗಾಜು ಇಟ್ಟು, ಅಂಚಿಗೆ ಗಾಜು ಕೂಡಿಸುವ ಲಾಂಬಿ ಮೆತ್ತಿ, "ಎಮ್ಮಿ ನಿಲ್ಲಿಸಿದರೂ ಏನೂ ಆಗೂದಿಲ್ರಿ," ಎಂದು ಕೊಟ್ಟ. ನಮ್ಮದು ಎಮ್ಮೆ ನಿಲ್ಲಿಸುವ ವಿಚಾರವಲ್ಲ, ನೀರು ನಿಲ್ಲಿಸುವುದು ಎಂದು ಆಗಲೇ ಹೇಳಬೇಕಿತ್ತು.

ಅಪ್ಪನ ಮಂಚ ಪಡಸಾಲೆಯಲ್ಲಿತ್ತು. ಅದರ ಎದುರಿಗೆ ಅವರದೇ ಕೋರ್ಟಿನ ಕೆಲಸದ ದೊಡ್ಡ ಮೇಜು, ಮೇಜಿನ ಕೆಳಗೆ ಖಾನೆಗಳಲ್ಲಿ ಕೇಸಿನ ಕಾಗದಗಳು. ಪೆಟ್ಟಿಗೆಯನ್ನು ಆ ಮೇಜಿನ ಮೇಲಿಟ್ಟೆ. ಹಳ್ಳದ ಮರಳು ತೊಳೆದು ಹಾಸಿದೆ. ಬಂಕಾಪುರದ ಕಡೆಯ ಕೆರೆಯಿಂದ ತರಿಸಿದ ಉದ್ದ ಎಲೆಯ ಗಿಡಗಳನ್ನು ನೆಟ್ಟೆ. ಹನ್ನೆರಡು ಕೊಡ ನೀರು ತುಂಬಿಸಿ, ಕೈ ಒರೆಸಿಕೊಂಡು ಶಾಲೆಗೆ ಹೋದೆ.

ಸಂಜೆ ಬಂದಾಗ ಪೆಟ್ಟಿಗೆಯಲ್ಲಿ ಅರ್ಧ ನೀರಿತ್ತು, ಉಳಿದರ್ಧ ಖಾನೆಗಳಲ್ಲಿತ್ತು. ಅಪ್ಪನ ಹಳೆಯ ಕಾರಕೂನ ಅಂಗಳದಲ್ಲಿ ಬಟ್ಟೆ ಒಣಹಾಕುವ ಹಗ್ಗದ ಮೇಲೆ ಒಂದೊಂದೇ ಕಾಗದ ಹರವುತ್ತಿದ್ದ. ಅವನ ಕಣ್ಣಲ್ಲಿ ನೀರು. ಇಪ್ಪತ್ತೈದು ವರ್ಷ ಆ ಕಾಗದಗಳನ್ನು ಕಾದವನು ಅವನು. ಅವ್ವನ ಹದಿನಾರು ಮೊಳದ ಸೀರೆಯ ಪಕ್ಕದಲ್ಲಿ ಯಾರದೋ ಹೊಲದ ಖರೀದಿ ಪತ್ರ ಗಾಳಿಗೆ ಹಾರಾಡುತ್ತಿತ್ತು.

ಅದೇ ಹೊತ್ತಿಗೆ ಆ ಹೊಲದವನೇ ಅಪ್ಪನ ಆರೋಗ್ಯ ಕೇಳಲು ಬಂದ. ತನ್ನ ಪತ್ರ ಗುರುತು ಹಿಡಿದ. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಇರಲಿ ಬಿಡ್ರಿ ಅಕ್ಕಾರ," ಅಂದ ಅವನು ನಿಧಾನಕ್ಕೆ. "ಹನ್ನೆರಡು ವರ್ಷದ ಮ್ಯಾಲೆ ನಮ್ಮ ಕೇಸು ಇವತ್ತ ಮೊದಲ ಸಲ ಬಿಸಲು ನೋಡೇತಿ."

ಬಲ್ಬಿನ ಮೇಲಿನ ಮೊಸರು

ಲಾಂಬಿ ಮತ್ತೆ ಮೆತ್ತಿಸಿದ ಮೇಲೆ ಪೆಟ್ಟಿಗೆ ನಿಂತಿತು. ಆರು ಕೆಂಪು ಮೀನು ಬಂದವು. ಎಣ್ಣೆ ಡಬ್ಬಿಯ ತಗಡು ಬಡಿಸಿ ಮುಚ್ಚಳ ಮಾಡಿಸಿದೆ. ಒಳಗೆ ನಲವತ್ತು ವ್ಯಾಟಿನ ಎರಡು ಬಲ್ಬು. ಅಪ್ಪನಿಗೆ ತರಗತಿಯಲ್ಲಿ ಹೇಳಿದ ಹಾಗೆ ಹೇಳಿದೆ: "ಗಿಡಕ್ಕ ದೀಪ ಬೇಕು, ಆದರ ಮುಂಜಾನೆ ಒಂಬತ್ತರಿಂದ ಸಂಜಿ ಐದರ ತನಕ ಅಷ್ಟ. ಹೆಚ್ಚಾತಂದ್ರ ಗಾಜಿಗೆಲ್ಲಾ ಹಸರು ಪಾಚಿ ಹತ್ತತದ." ಅಪ್ಪ ಗೋಡೆಯ ಗಡಿಯಾರ ನೋಡಿ ಒಮ್ಮೆ ಕಣ್ಣು ಮುಚ್ಚಿದರು. ಅವರಿಗೆ ಕಾಯಿದೆ ಎಂದರೆ ಕಾಯಿದೆ, ಅದು ಮೀನಿನದಾದರೂ.

ಮಳೆಗಾಲ ಹಿಡಿಯಿತು. ನಮ್ಮ ಕಡೆ ಜಿಟಿಜಿಟಿ ಮಳೆ ಶುರುವಾದರೆ ಮೊಸರು ಹೆಪ್ಪಾಗುವುದಿಲ್ಲ. ಅವ್ವ ಒಂದು ದಿನ ಧೂಳು ಒರೆಸುವಾಗ ತಗಡಿನ ಮುಚ್ಚಳ ಮುಟ್ಟಿ ನೋಡಿದಳು. ಬೆಚ್ಚಗಿತ್ತು. ಮರುದಿನದಿಂದ ಹೆಪ್ಪು ಹಾಕಿದ ಹಾಲಿನ ಪಾತ್ರೆ ಅಲ್ಲೇ.

"ಅವ್ವಾ, ನಿನ್ನ ಮಡಿ ಏನಾತು?" ಎಂದೆ.

"ಮತ್ಸ್ಯಮೂರ್ತಿಯ ತಲಿ ಮ್ಯಾಲೆ ಇಟ್ಟೇನಿ. ಇದಕ್ಕಿಂತ ಮಡಿ ಜಾಗಾ ಈ ಮನಿಯೊಳಗ ಎಲ್ಲದ ತೋರಸು."

ಸುದ್ದಿ ಹಬ್ಬಿ ಓಣಿಯ ಇನ್ನೂ ಮೂರು ಮನೆಯ ಪಾತ್ರೆಗಳು ಬಂದವು. ನನಗೆ ಆ ದಿನಗಳಲ್ಲಿ ಪರೀಕ್ಷೆಯ ಕೆಲಸ, ಮನೆಗೆ ಬರುವಾಗ ಕತ್ತಲಾಗುತ್ತಿತ್ತು. ದೀಪ ಐದಕ್ಕೆ ಆರುತ್ತಿಲ್ಲ, ಹೆಪ್ಪಿಗೆಂದು ಅವ್ವ ಅದನ್ನು ಉರಿಸಿಯೇ ಇಡುತ್ತಾಳೆ ಎನ್ನುವುದು ದಣಿವಿನಲ್ಲಿ ನನ್ನ ಲಕ್ಷ್ಯಕ್ಕೇ ಬರಲಿಲ್ಲ. ಲಕ್ಷ್ಯವಿಟ್ಟವರು ಅಪ್ಪ ಒಬ್ಬರೇ. ಐದು ಹೊಡೆದ ಕೂಡಲೇ ಅವರು ಎಡಗೈಯಿಂದ ಮಂಚದ ಪಟ್ಟಿ ಬಡಿಯಲು ಶುರುಮಾಡುತ್ತಿದ್ದರಂತೆ. ಅವ್ವ ಓಡಿ ಬಂದು, "ಹಸಿವ್ಯಾಗೇದ ಪಾಪ," ಎಂದು ಮೊಸರನ್ನ ಕಲಸಿ ತಿನ್ನಿಸುತ್ತಿದ್ದಳು. ಅಪ್ಪ ಇನ್ನೂ ಜೋರಾಗಿ ಬಡಿಯುತ್ತಿದ್ದರು. ಅವ್ವ ಇನ್ನೊಂದು ತುತ್ತು ಇಡುತ್ತಿದ್ದಳು.

ಹನ್ನೆರಡು ದಿನಕ್ಕೆ ಗಾಜು ಸುಣ್ಣದ ಗೋಡೆಗೆ ಹಸಿರು ಬಳಿದಂತಾಯಿತು. ಮೀನು ಬದುಕಿವೆಯೋ ಇಲ್ಲವೋ ಕಾಣುತ್ತಿರಲಿಲ್ಲ. ಅಪ್ಪನಿಗೆ ನೆಗಡಿ ಬೇರೆ. ನಾನು ತೆಂಗಿನ ನಾರು ಹಿಡಿದು ಗಾಜು ತಿಕ್ಕಲು ಕೂತಾಗ ಐದು ಹೊಡೆಯಿತು, ಬಡಿತ ಶುರುವಾಯಿತು. ತಿರುಗಿ ನೋಡಿದೆ. ಎಡಗೈ ಗಡಿಯಾರ ತೋರಿಸಿತು, ಆಮೇಲೆ ಮುಚ್ಚಳ ತೋರಿಸಿತು.

"ಅಪ್ಪಾ, ದೀಪಾ ಬಂದ್ ಮಾಡ್ಲೇನು?" ಎಂದೆ. ಒಮ್ಮೆ ಕಣ್ಣು ಮುಚ್ಚಿದರು.

ಅವ್ವ ಅನ್ನದ ತಟ್ಟೆ ಹಿಡಿದು ನಿಂತಿದ್ದಳು. ಅವಳಿಗೆ ಸಿಟ್ಟೇ ಬಂತು. "ಹನ್ನೆರಡು ದಿನ ಸುಮ್ಮನ ತಿಂದ್ರಲ್ಲಾ! ಬ್ಯಾಡಾಂತ ಒಂದ್ ಮಾತು ಹೇಳಬಾರದೇನ್ರಿ?" ಎಂದು ಕೇಳಿದವಳು, ಕೇಳಿದ್ದು ಯಾರನ್ನು ಎಂದು ನೆನಪಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಬಲಕ್ಕೆ ತಿರುಗಿದ ಮೀನು

ನಮ್ಮ ಕಡೆ ದೇವರಿಗೆ ಹೂ ಏರಿಸಿ ಪ್ರಸಾದ ಕೇಳುತ್ತಾರೆ. ಬಲಗಡೆಯ ಹೂ ಬಿದ್ದರೆ ಕೆಲಸವಾಯಿತು, ಎಡದ್ದು ಬಿದ್ದರೆ ಇಲ್ಲ. ಅಪ್ಪನ ಪಕ್ಷಕಾರರು ಬೇರೆ ವಕೀಲರನ್ನು ಹಿಡಿದ ಮೇಲೂ, ತಾರೀಖಿನ ಹಿಂದಿನ ದಿನ ಅಪ್ಪನ ಮುಖ ನೋಡಿಹೋಗಲು ಬರುತ್ತಿದ್ದರು. ಅದು ಪ್ರೀತಿ, ಅದರಲ್ಲಿ ಸಂಶಯವಿಲ್ಲ. ಬಂದು, ಕೂತು, "ಹೆಂಗದೀರಿ ಸಾಹೇಬ್ರ," ಎಂದು ಕೇಳಿ, ಉತ್ತರ ಬಾರದ್ದಕ್ಕೆ ತಲೆ ಬಗ್ಗಿಸಿ, ಆಮೇಲೆ ಮೀನಿನ ಕಡೆ ತಿರುಗುತ್ತಿದ್ದರು.

ಬದುವಿನ ಜಗಳದವನೊಬ್ಬ ಪೆಟ್ಟಿಗೆಯ ಮುಂದೆ ಕೈ ಮುಗಿದು ಕೂತು ಮನಸ್ಸಿನಲ್ಲೇ ಏನೋ ಕೇಳಿಕೊಂಡ. ಒಂದು ಮೀನು ಗಿಡದ ಸಂದಿಯಿಂದ ಹೊರಬಂದು ಬಲಕ್ಕೆ ಹೊರಳಿತು. ನೋಡುತ್ತಿದ್ದ ಅಪ್ಪನಿಗೆ ಎಂಥ ಸಿಟ್ಟು ಬಂತೆಂದರೆ ಮಂಚ ನಡುಗುವ ಹಾಗೆ ಗುದ್ದಿದರು. ದೇವರಲ್ಲಿ ಭಕ್ತಿಯಿದ್ದರೂ ಕಾಯಿದೆಯ ವಿಷಯದಲ್ಲಿ ಇಂಥದ್ದನ್ನು ಅವರು ಎಂದೂ ಸಹಿಸಿದವರಲ್ಲ.

ಕಾರಕೂನ ಗಂಭೀರವಾಗಿ, "ಸಾಹೇಬರೂ ಹೂಂ ಅಂದ್ರು," ಎಂದ.

ಮರುದಿನ ಕೋರ್ಟಿನಲ್ಲಿ ಬರೀ ವಾಯಿದೆ ಬಿತ್ತು. ಆದರೂ ಅವನಿಗೆ ಸಮಾಧಾನ, ಸೋಲಲಿಲ್ಲವಲ್ಲ. ಮುಂದಿನ ವಾರ ಇನ್ನೊಬ್ಬ ತೆಂಗಿನಕಾಯಿ ಹಿಡಿದು ಬಂದ. ವಿಚಾರಿಸಿದರೆ ಅದೇ ಬದುವಿನ ಎದುರು ಪಕ್ಷದವನು. "ಇದು ನಿಮ್ಮ ಎದುರಾಳಿ ವಕೀಲರ ಮನಿ, ಗೊತ್ತದಿಲ್ಲೋ?" ಎಂದು ಗದರಿಸಿದೆ.

"ಗೊತ್ತೈತ್ರಿ ಅಕ್ಕಾರ," ಅಂದ. "ವಕೀಲರು ಅವರ ಕಡೀನ ಇರಲಿ. ಮೀನು ಎಲ್ಲಿ ವಕಾಲತ್ತಿಗೆ ಸಹಿ ಮಾಡೇತ್ರಿ?"

ಗೌಡರ ಪೀಕು

ಹಿಂದಿನ ಮನೆಯ ಗೌಡರಿಗೆ ತಡಸದ ಹತ್ತಿರ ಭತ್ತದ ಗದ್ದೆ. ಅಪ್ಪನ ಬಾಲ್ಯದ ಗೆಳೆಯರು. ದಿನಾ ಮಧ್ಯಾಹ್ನ ಬಂದು ಒಂದು ತಾಸು ಕೂಡುವರು. ಬಂದವರೆಲ್ಲ ಮೀನಿನ ಕಡೆ ಮುಖ ಮಾಡಿದರೆ ಅವರೊಬ್ಬರು ಅಪ್ಪನ ಕಡೆ ಮುಖ ಮಾಡಿ ಕೂಡುತ್ತಿದ್ದರು. ಅದಕ್ಕಾಗಿ ಅವರನ್ನು ಇವತ್ತಿಗೂ ನೆನೆಯುತ್ತೇನೆ. ಅವರು ಮಾಡಿದ್ದನ್ನು ಕ್ಷಮಿಸಿದ್ದೂ ಅದಕ್ಕೇ.

ಪಾಚಿ ತೆಗೆಯಲೆಂದು ನಾನು ಕೆಲವು ದಿನ ದೀಪ ತೀರ ಕಡಿಮೆ ಮಾಡಿದ್ದೆ. ಎಲೆಗಳು ಹಳದಿಯಾದವು. ಗೌಡರು ಅದನ್ನು ನೋಡಿದರು. ಮರುದಿನ ನಾನು ಶಾಲೆಯಲ್ಲಿದ್ದಾಗ, ಅವ್ವ ಹಿತ್ತಲಲ್ಲಿದ್ದಾಗ, ಕಿಸೆಯಿಂದ ಕಾಗದದ ಪೊಟ್ಟಣ ತೆಗೆದು ಒಂದು ಹಿಡಿ ಯೂರಿಯಾ ಗೊಬ್ಬರ ನೀರಿಗೆ ಉಗ್ಗಿ, ತೃಪ್ತಿಯಿಂದ ಮನೆಗೆ ಹೋದರು.

ನಾನು ಬಂದಾಗ ಆರೂ ಮೀನು ನೀರಿನ ಮೇಲೆ ಬಾಯಿ ಬಾಯಿ ಬಿಡುತ್ತಿದ್ದವು. ಅಪ್ಪ ಮಂಚ ಬಡಿಯುತ್ತಿರಲಿಲ್ಲ. ಬಡಿದು ಬಡಿದು ಸಾಕಾಗಿರಬೇಕು. ಕಣ್ಣೀರು ಕಿವಿಯವರೆಗೆ ಹರಿದು ದಿಂಬು ಒದ್ದೆಯಾಗಿತ್ತು. ಎದುರಿಗೇ ನಡೆದದ್ದನ್ನು ನೋಡಿದ್ದರು, ಬ್ಯಾಡ ಎನ್ನಲು ಆಗಿರಲಿಲ್ಲ. ಅಪ್ಪ ಅತ್ತದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಪೊಟ್ಟಣದ ಕಾಗದ ಸಿಕ್ಕಿತು. ಹೇಳಿ ಕಳಿಸಿದ ಕೂಡಲೇ ಗೌಡರು ಓಡಿ ಬಂದು, ಧೋತರ ಎತ್ತಿ ಕಟ್ಟಿ, ಕತ್ತಲಾಗುವ ತನಕ ತಾವೇ ಬಾವಿಯಿಂದ ನೀರು ಸೇದಿದರು. ಎರಡು ಮೀನು ಸತ್ತವು, ನಾಲ್ಕು ಉಳಿದವು. ಅಪ್ಪನ ಎಡಗೈ ಹಿಡಿದುಕೊಂಡು, "ತಪ್ಪಾತು ವಕೀಲ್ರ. ನನಗ ಬರೇ ಬೆಳಿ ಕಾಣಸ್ತು," ಅಂದರು. ಅಪ್ಪ ಒಮ್ಮೆ ಕಣ್ಣು ಮುಚ್ಚಿದರು.

ಮೂರು ವಾರ ಕಳೆಯಿತು. ಗಿಡಗಳು ನೀರಿನ ಮಟ್ಟಕ್ಕೆ ಬಂದು ಮಡಚಿಕೊಂಡವು, ಅಂಥ ಹಸಿರು. ಗೌಡರಿಗೆ ತಡೆಯಲಾಗಲಿಲ್ಲ. ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿ, "ಪೀಕು ಭಾಳ ಚಲೋ ಬಂದೈತ್ರಿ ಅಕ್ಕಾರ," ಅಂದರು. "ನಡುವ ನಾಕು ಮೀನು ಕಳಿ ಆಗ್ಯಾವ ನೋಡ್ರಿ. ಅವನ್ನ ಕಿತ್ತರ ಇನ್ನೂ ಮ್ಯಾಲೆ ಬರತೈತಿ."

ಡಾಕ್ಟರ ಚಿಟಿಕೆ

ಹನ್ನೊಂದನೆಯ ತಿಂಗಳು ಮುಗಿಯುತ್ತ ಬಂತು. ನಾವು ಯಾರೂ ಬಾಯಿಬಿಟ್ಟು ಎಣಿಸುತ್ತಿರಲಿಲ್ಲ, ಆದರೆ ಎಲ್ಲರೂ ಎಣಿಸುತ್ತಿದ್ದೆವು. ಅವ್ವ ಮೀನಿನ ಮುಂದೆ ಕೂತು ವಿಷ್ಣುಸಹಸ್ರನಾಮ ಹೇಳುವುದು ದಿನಕ್ಕೆ ಎರಡು ಸಲ ಆಗಿತ್ತು.

ಒಂದು ಭಾನುವಾರ ಮುಂಜಾನೆ ಡಾಕ್ಟರು ಬಂದರು. ನಾಡಿ ನೋಡಿದರು, ಕಾಲು ಮಡಚಿ ನೋಡಿದರು, ನಾಲಿಗೆ ನೋಡಿದರು. ಆಮೇಲೆ ನಮ್ಮನ್ನು ಪೆಟ್ಟಿಗೆಯ ಹತ್ತಿರಕ್ಕೆ ಕರೆದರು. ಅಪ್ಪನಿಗೆ ಕೇಳಬಾರದೆಂದು ಕರೆದದ್ದು. ಮಂಚಕ್ಕೂ ಪೆಟ್ಟಿಗೆಗೂ ನಾಲ್ಕು ಮಾರಿನ ದೂರವೂ ಇಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ.

ಮೇಜಿನ ಮೇಲೆ ಹುಬ್ಬಳ್ಳಿಯಿಂದ ತಂದ ಮೀನಿನ ಮೇವಿನ ಡಬ್ಬಿಯಿತ್ತು. ಅದರಲ್ಲಿ ಏನಿದೆ ಎಂದು ಅವ್ವ ಎಂದೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ದಿನಕ್ಕೆ ಒಂದೇ ಚಿಟಿಕೆ. ಹೆಚ್ಚಾದರೆ ತಳದಲ್ಲಿ ಕೊಳೆತು ನೀರು ಕೆಡುತ್ತದೆ ಎಂಬ ಕಾಯಿದೆಯನ್ನೂ ಅಪ್ಪನಿಗೆ ಹೇಳಿದ್ದೆ. ಆ ದಿನದ್ದು ಆಗಲೇ ಹಾಕಿಯಾಗಿತ್ತು. ಡಾಕ್ಟರು ಮಾತಿಗೆ ಶುರುಮಾಡುತ್ತ, ಕೈಗೆ ಏನಾದರೂ ಕೆಲಸ ಬೇಕೆನ್ನುವವರ ಹಾಗೆ, ಡಬ್ಬಿ ತೆರೆದರು.

"ನೋಡ್ರಿ, ಇನ್ನ ಆಶಾ ಇಟಗೊಂಡು ಕೂಡಬ್ಯಾಡ್ರಿ." ಒಂದು ಚಿಟಿಕೆ ಹಾಕಿದರು.

"ವರ್ಷ ಆಗ್ಲಿಕ್ಕೆ ಬಂತು. ಒಂದ್ ಅಕ್ಷರ ಹೊರಡಲಿಲ್ಲ." ಇನ್ನೊಂದು ಚಿಟಿಕೆ.

"ದೇವರು ಇಟ್ಟಂಗ ಇರಬೇಕು. ಇನ್ನ ಮಾತು ಬರೂದಿಲ್ಲ ಅಂತನ ತಿಳಕೊಳ್ರಿ." ಈ ಸಲ ಎರಡು ಚಿಟಿಕೆ.

ನನಗೆ ಅಳು ಒತ್ತಿ ಬರುತ್ತಿತ್ತು. ಅದರ ನಡುವೆಯೂ ಮೇವು ಮರಳಿನ ಮೇಲೆ ಬೀಳುವುದನ್ನು ನೋಡುತ್ತಿದ್ದೆ. ಊರೇ ಕೈಮುಗಿಯುವ ಡಾಕ್ಟರ ಕೈ ಹಿಡಿಯುವ ಧೈರ್ಯ ಯಾರಿಗಿದೆ? ಅವರು ಉಸಿರು ಬಿಟ್ಟು ಮತ್ತೆ ಡಬ್ಬಿಗೆ ಬೆರಳು ಹಾಕಿದರು.

"ಸಾಕೋ, ಹುಚ್ಚಪ್ಯಾಲಿ!"

ದನಿ ಒಡೆದಿತ್ತು, ನಾಲಿಗೆ ತೊಡರಿತ್ತು. ಆದರೆ ದನಿ ಅದೇ. ಮೂಲೆಯಲ್ಲಿ ಕೂತಿದ್ದ ಕಾರಕೂನ ಕೋರ್ಟಿನಲ್ಲಿ ಎದ್ದು ನಿಲ್ಲುವ ಹಾಗೆ ಎದ್ದು ನಿಂತ. ಅಪ್ಪ ತಲೆ ಎತ್ತಿ, ಕೆಂಡದಂಥ ಕಣ್ಣಿನಿಂದ ಡಾಕ್ಟರ ಬೆರಳನ್ನೇ ನೋಡುತ್ತಿದ್ದರು. ಡಾಕ್ಟರ ಕೈ ನೀರಿನ ಮೇಲೆ ಹಾಗೇ ನಿಂತಿತ್ತು. ಅವರನ್ನು ಯಾರಾದರೂ ಏಕವಚನದಲ್ಲಿ ಕರೆದು ಮೂವತ್ತು ವರ್ಷವಾದರೂ ಆಗಿರಬೇಕು.

ಮೊದಲು ಮಾತಾಡಿದವಳು ಅವ್ವ. ಎರಡೂ ಕೈ ಜೋಡಿಸಿದಳು.

"ಡಾಕ್ಟರ್, ನಿಮ್ಮ ಕಾಲಿಗೆ ಬೀಳ್ತೇನಿ," ಅಂದಳು. "ಇನ್ನೊಂದ್ ಚಿಟಿಕಿ ಹಾಕ್ರಿ."

ಡಾಕ್ಟರು ಹಾಕಿದರು. ಈ ಸಲ ಅಪ್ಪ ಅಂದದ್ದು ಇನ್ನೂ ಉದ್ದವಿತ್ತು, ಇನ್ನೂ ಸ್ಪಷ್ಟವಿತ್ತು, ಅದರಲ್ಲಿ ಡಾಕ್ಟರ ತೀರ್ಥರೂಪರ ಪ್ರಸ್ತಾಪವೂ ಇತ್ತು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಡಬ್ಬಿಯನ್ನು ಮತ್ತೆ ಅವರ ಮುಂದೆ ಹಿಡಿದಳು.