ಭಾವನಿಗೆ ಹಿಡಿದ ಟ್ರ್ಯಾಮ್ ಹುಚ್ಚು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಕಳ್ಳರಲ್ಲ. ಮೊದಲೇ ಹೇಳಿಬಿಡ್ತೀನಿ, ಯಾಕಂದರೆ ಸ್ವೀಡನ್ನಿನ ನೋರ್‌ಶೋಪಿಂಗ್‌ನಲ್ಲಿ ಅವರನ್ನ ನೋಡಿದವರಿಗೆ ಹಾಗನ್ನಿಸೋದು ಸಹಜ. ಕಂಡವರ ಮನೆ ಮುಂದೆ ನಿಂತು, ಕತ್ತೆತ್ತಿ ಗೋಡೆ ನೋಡ್ತಾರೆ. ಫೋಟೋ ತೆಗೀತಾರೆ. ಆಚೀಚೆ ಕಣ್ಣಾಡಿಸಿ ಮುಂದಿನ ಮನೆಗೆ ಹೋಗ್ತಾರೆ! ಯಾರಿಗೆ ತಾನೇ ಅನುಮಾನ ಬರಲ್ಲ?

ಒಮ್ಮೆ ಒಬ್ಬ ಅಜ್ಜಿ ಕಿಟಕಿ ತೆಗೆದು ಏನು ಬೇಕು ಅಂತ ಕೇಳಿದರು. "ನಿಮ್ಮ ಗೋಡೆಯ ಕೊಕ್ಕೆ ನೋಡ್ತಿದ್ದೆ" ಅಂದರು ಭಾವ. ಅಜ್ಜಿ ಪಟ್ಟಂತ ಕಿಟಕಿ ಮುಚ್ಚಿ ಫೋನ್ ಎತ್ತಿಕೊಂಡರು. ಪಕ್ಕದಲ್ಲಿದ್ದ ನಾನು ಆ ಚಳೀಲೂ ಬೆವೆತುಹೋದೆ! ಮೊದಮೊದಲು ಕರೆಂಟಿನ ಟ್ರ್ಯಾಮ್ ಬಂದಾಗ, ಅದರ ತಂತೀನ ಮನೆ ಗೋಡೆಗಳಿಗೇ ಕೊಕ್ಕೆ ಹೊಡೆದು ಕಟ್ಟಿದ್ದರಂತೆ. ಆ ಕೊಕ್ಕೆ ನೋಡಿದರೆ ಹಳೇ ಹಳಿ ಯಾವ ಬೀದೀಲಿತ್ತು ಅಂತ ಗೊತ್ತಾಗುತ್ತಂತೆ. "ಮೊದಲು ಸ್ಟೇಷನ್ನಿಂದ ಬಟ್ಟೆ ಗಿರಣಿ ಕಡೆಗೆ ಹಳಿ ಹಾಕಿದರು. ಆಮೇಲೆ ಕೂಲಿಗಳ ಮನೆ ಕಡೆಗೆ ಬೆಳೀತು. ಕೆಲವು ಹಳಿ ಕಿತ್ತರು, ಕೆಲವು ಉಳಿದವು..." ಅಂತ ಭಾವ ಫಿಕಾಗೆ, ಅಂದರೆ ಇಲ್ಲಿನವರ ಕಾಫಿ-ತಿಂಡಿ ಹರಟೆಗೆ, ಕೂತರೆ ಕಾಫಿ ತಣ್ಣಗಾಗೋವರೆಗೂ ಕೊರೀತಾರೆ.

ಕೊರೀಲಿ ಬಿಡಿ. ನನ್ನ ಸಂಕಟ ಬೇರೆ. ಅಕ್ಕನ ಕಣ್ಣು ಮಂಜಾಗ್ತಾ ಇದೆ, ವಾಸಿಯಾಗಲ್ಲ ಅಂತ ಡಾಕ್ಟರು ಹೇಳಿಬಿಟ್ಟಿದ್ದಾರೆ. ಅಷ್ಟಿಷ್ಟು ಕಾಣೋವಾಗಲೇ ಸ್ವಂತ ಮನೆಗೆ ಹೋಗಿ, ಮೂಲೆಮೂಲೆ ರೂಢಿ ಮಾಡ್ಕೋಬೇಕು ಅಂತ ಅವಳಾಸೆ. ಈ ಮಹಾನುಭಾವರು ನೋಡಿದ ಮನೆಯನ್ನೆಲ್ಲ ಬೇಡ ಅಂತಾರೆ! ಬಾಗಿಲಿಗೇ ಬಸ್ಸು ಬರೋ ಮನೆ ಸಿಕ್ಕರೂ "ಬಸ್ಸನ್ನ ನಂಬಬಾರದು" ಅಂದರು. ಪಾಪದ ಬಸ್ಸು ಇವರಿಗೇನು ದ್ರೋಹ ಮಾಡಿತ್ತೋ! ಅಕ್ಕನ್ನ ಬೆಂಗಳೂರಿಗೆ ಸಾಗಹಾಕೋ ಹುನ್ನಾರ ಇರಬಹುದಾ ಅಂತ ನನಗೆ ಗುಮಾನಿ.

ಹೋದ ಭಾನುವಾರ ಕೇಳೇಬಿಟ್ಟೆ. "ನಿಜ ಹೇಳಿ ಭಾವ, ಅಕ್ಕನ್ನ ಏನ್ ಮಾಡ್ಬೇಕು ಅಂತಿದ್ದೀರಿ?"

ಭಾವ ನಮ್ಮಿಬ್ಬರನ್ನೂ ಒಂದು ಹಳೇ ಕಟ್ಟಡದ ಹತ್ತಿರ ಕರ್ಕೊಂಡು ಹೋದರು. ಎದುರಿಗೇ ಟ್ರ್ಯಾಮ್ ಸ್ಟಾಪು.

"ಕೆಳಗಿನ ಮನೆ ಮಾರಾಟಕ್ಕಿದೆ," ಅಂದರು. "ಬಸ್ ಸ್ಟಾಪು ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ಈ ಹಳಿ ಮೊದಲು ಹಾಕಿದಾಗಿಂದ ಈ ಬೀದಿ ಬಿಟ್ಟು ಕದಲಿಲ್ಲ. ಅಂಥದ್ದನ್ನೇ ಊರೆಲ್ಲ ಹುಡುಕ್ತಿದ್ದೆ. ಈಗ ದಾರಿ ಕಲಿತುಬಿಟ್ಟರೆ, ಮುಂದೆ ಏನೂ ಕಾಣದೇ ಇದ್ದರೂ ಇವಳು ಯಾರನ್ನೂ ಕಾಯಬೇಕಾಗಿಲ್ಲ. ನನ್ನನ್ನೂ."

ಅಕ್ಕ ಆ ಮನೆಯ ಬಾಗಿಲಿಗೆ ಹೋಗಿ ನಿಂತಳು. "ಹಾಗಾದ್ರೆ ಈಗಲೇ ಕಲೀತೀನಿ, ಇರ್ರೀ" ಅಂದವಳೇ, ಬಾಗಿಲಿಗೆ ಬೆನ್ನು ಕೊಟ್ಟು, ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು ಸ್ಟಾಪಿನ ಕಡೆಗೆ ಹೆಜ್ಜೆ ಇಟ್ಟಳು. ಭಾವ ಅವಳ ಹಿಂದೆಯೇ, ಅಂಬೆಗಾಲು ಬಿಟ್ಟು ಈಗಷ್ಟೇ ನಡೆಯೋ ಕೂಸಿನ ಹಿಂದೆ ಹೋಗೋ ಹಾಗೆ, ಎರಡೂ ಕೈ ಚಾಚಿಕೊಂಡು, ಎಲ್ಲೂ ಅವಳನ್ನ ಮುಟ್ಟದೆ ಹೋದರು.